ಹಿರಿಯರ ದಿಢೀರ್ ಗಲಿಬಿಲಿ: ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯದಿರೋಣ

(ಜುಮಾ ಖುತ್ಬಾದ ಸಾರಾಂಶ, ವಿವರಣೆಯೊಂದಿಗೆ)



ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಮರುಭೂಮಿಯ ಕೆಲವರು ಬಂದು, ನಾವು ರೋಗಕ್ಕೆ ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದರು. ಪಡೆಯಬೇಕು, ಏಕೆಂದರೆ ಅಲ್ಲಾಹನು ಇಳಿಸಿದ ಪ್ರತಿಯೊಂದು ರೋಗಕ್ಕೂ ಶಮನವನ್ನು ಇಳಿಸಿದ್ದಾನೆ, ಒಂದರ ಹೊರತು ಎಂದು ಅವರು ತಿಳಿಸಿದರು. ಆ ಒಂದು ಯಾವುದೆಂದು ಕೇಳಿದಾಗ ವೃದ್ಧಾಪ್ಯ ಎಂದರು. ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿರುವ ಈ ಹದೀಸ್‌ನ ಆಶಯ ನಮಗೆಲ್ಲ ಗೊತ್ತು. ಆದರೆ ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಹಿರಿಯರಿಗೆ ಏನೇ ಆದರೂ "ವಯಸ್ಸಾಯಿತಲ್ಲ" ಎಂದುಬಿಡುತ್ತೇವೆ. ಶಮನವಿರುವ ರೋಗವನ್ನೂ ಶಮನವಿಲ್ಲದ ವೃದ್ಧಾಪ್ಯದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಅಂತಹ ಒಂದು ರೋಗದ ಬಗ್ಗೆ, ನಾವೇ ಮಾಡಿದ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಜಮಾಅತಿನ ಹಿರಿಯರೊಬ್ಬರು ವುಝೂ ಮಾಡುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮೂರನೆಯ ದಿನ ರಾತ್ರಿ ಅವರ ಮಗ ಫೋನ್ ಮಾಡಿದರು. "ಹಝ್ರತ್, ಅಬ್ಬಾ ನನ್ನನ್ನೇ ಗುರುತಿಸುತ್ತಿಲ್ಲ. ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಅಂತಾರೆ. ತೀರಿಹೋದ ದೊಡ್ಡಪ್ಪನನ್ನು ಕರೀತಿದ್ದಾರೆ. ಗ್ಲೂಕೋಸ್ ಸೂಜಿ ಕಿತ್ತು ಹಾಕಿದರು. ಯಾವುದೋ ಗಾಳಿ ಸೋಕಿರಬೇಕು, ಬಂದು ಓದಿ." ನಾವು ಹೋದೆವು, ಓದಿ ಊದಿದೆವು. ಬೆಳಗಿನ ಹೊತ್ತಿಗೆ ಅವರು ಸಲಾಮಿಗೆ ಉತ್ತರಿಸಿ, ಮನೆಯವರ ಕ್ಷೇಮ ಕೇಳಿದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಮಗ್ರಿಬ್ ಆಗುತ್ತಲೇ ಮತ್ತೆ ಅದೇ ಸ್ಥಿತಿ. "ವಯಸ್ಸಾಗಿದೆ, ಸಬ್ರ್ ಮಾಡಿ" ಎಂದು ಹೇಳಿ ನಾವು ಎದ್ದು ಬಂದೆವು.

ಮರುದಿನ ರಾತ್ರಿಪಾಳಿಗೆ ಬಂದ ನರ್ಸ್ ಒಬ್ಬರು ಮಗನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಬೀಳುವ ಮೊದಲು ಇವರು ಹೀಗೇ ಇದ್ದರಾ?" ಇಲ್ಲ, ಬೀಳುವ ಹಿಂದಿನ ದಿನ ಅಂಗಡಿಯ ಲೆಕ್ಕ ತಾವೇ ನೋಡಿದ್ದರು ಎಂದ ಮಗ. ಆ ಸಹೋದರಿ ಕೂಡಲೇ ವೈದ್ಯರನ್ನು ಕರೆಸಿದರು. ನೋಡಿದರೆ ಹಿರಿಯರಿಗೆ ಮೂತ್ರ ಕಟ್ಟಿತ್ತು. ಮೂರು ದಿನದಿಂದ ಮಲವಿಸರ್ಜನೆ ಆಗಿರಲಿಲ್ಲ. ನಿದ್ದೆಗೆಂದು ಕೊಟ್ಟ ಮಾತ್ರೆ ಅವರಿಗೆ ಒಗ್ಗಿರಲಿಲ್ಲ. ಕನ್ನಡಕ ಮನೆಯಲ್ಲಿತ್ತು, ಕಿವಿಯ ಯಂತ್ರ ಡ್ರಾಯರಿನಲ್ಲಿತ್ತು. ಒಂದೊಂದನ್ನೇ ಸರಿಪಡಿಸಿದ ಮೇಲೆ ನಾಲ್ಕೈದು ದಿನಗಳಲ್ಲಿ, ಅಲ್‌ಹಮ್ದುಲಿಲ್ಲಾಹ್, ಅವರು ಮೊದಲಿನಂತಾದರು. ದುಆ ಮಾಡಿದ್ದು ತಪ್ಪಲ್ಲ. ಆದರೆ ಆ ನರ್ಸ್ ಕೇಳಿದ ಪ್ರಶ್ನೆಯನ್ನು ನಾವು ಕೇಳದೆ ಎದ್ದು ಬಂದದ್ದು ತಪ್ಪು.

ಇದು ಯಾವ ರೋಗ?

ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಲ್ಯಾಟಿನ್ ಮೂಲದ ಈ ಪದಕ್ಕೆ ನೇಗಿಲು ಸಾಲು ತಪ್ಪುವುದು ಎಂಬ ಅರ್ಥವಿದೆ. ನಮ್ಮ ಹಳ್ಳಿಗಳಲ್ಲಿ ಹಿಂದಿನವರು ಸನ್ನಿ ಎನ್ನುತ್ತಿದ್ದರು. ಇಬ್ನ್ ಸೀನಾ ತಮ್ಮ ವೈದ್ಯ ಗ್ರಂಥವಾದ ಅಲ್ ಖಾನೂನ್‌ನಲ್ಲಿ ಸರ್ಸಾಮ್ ಎಂಬ ಹೆಸರಿನಡಿ ಇಂತಹ ಸ್ಥಿತಿಯನ್ನು ಚರ್ಚಿಸಿದ್ದಾರೆ. ದೇಹದಲ್ಲಿ ಎಲ್ಲೋ ಆದ ತೊಂದರೆಗೆ ಮಿದುಳು ತಾತ್ಕಾಲಿಕವಾಗಿ ತತ್ತರಿಸುವುದೇ ಈ ರೋಗ. ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ನೀರಿನ ಕೊರತೆ, ರಕ್ತದಲ್ಲಿ ಸೋಡಿಯಂ ಏರುಪೇರು, ಸಕ್ಕರೆ ಇಳಿಯುವುದು, ತಡೆಯಲಾಗದ ನೋವು, ಮಲಬದ್ಧತೆ, ಹೊಸ ಔಷಧಿ, ನಿದ್ದೆಗೇಡು ಇವೆಲ್ಲ ಕಾರಣವಾಗಬಹುದು. ಹೆಚ್ಚಾಗಿ ಎರಡು ಮೂರು ಕಾರಣಗಳು ಒಟ್ಟಿಗೇ ಇರುತ್ತವೆ.

ಮರೆವಿನ ಕಾಯಿಲೆಗೂ ಇದಕ್ಕೂ ವ್ಯತ್ಯಾಸವಿದೆ. ಮರೆವಿನ ಕಾಯಿಲೆ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಇದು ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬರುತ್ತದೆ. ಬೆಳಿಗ್ಗೆ ಸರಿ, ಸಂಜೆ ಗಲಿಬಿಲಿ ಎಂಬಂತೆ ಏರಿಳಿಯುತ್ತದೆ. ಮರೆವು ಮೊದಲೇ ಇದ್ದವರಿಗೆ ಇದು ಬರುವ ಸಾಧ್ಯತೆ ಇನ್ನೂ ಹೆಚ್ಚು. ಆದ್ದರಿಂದ "ಅವರಿಗೆ ಮೊದಲೇ ಮರೆವಿತ್ತು" ಎಂದು ಸುಮ್ಮನಿರುವಂತಿಲ್ಲ.

ಕೂಗಾಡುವ, ಸೂಜಿ ಕೀಳುವ ರೋಗಿ ಎಲ್ಲರ ಕಣ್ಣಿಗೆ ಬೀಳುತ್ತಾರೆ. ಇನ್ನೊಂದು ಬಗೆಯ ರೋಗಿ ಮಂಕಾಗಿ ಮಲಗಿರುತ್ತಾರೆ, ಕರೆದರೆ ಅರೆಗಣ್ಣು ತೆರೆದು ಮುಚ್ಚುತ್ತಾರೆ, ಊಟ ಬೇಡವೆನ್ನುತ್ತಾರೆ. "ಪಾಪ, ಅಮ್ಮಾ ಯಾರಿಗೂ ತೊಂದರೆ ಕೊಡದೆ ಮಲಗಿದ್ದಾರೆ" ಎಂದು ನಾವು ಹೊಗಳುತ್ತೇವೆ. ಇದೂ ಅದೇ ರೋಗ. ಸದ್ದಿಲ್ಲದ್ದರಿಂದಲೇ ಹೆಚ್ಚು ಬಾರಿ ಗಮನಕ್ಕೆ ಬಾರದೆ ಉಳಿಯುತ್ತದೆ.

ಆಸ್ಪತ್ರೆಯವರಿಗೇಕೆ ತರಬೇತಿ?

ಆಸ್ಪತ್ರೆಯವರಿಗೆ ಇದು ತಿಳಿದೇ ಇರುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಲ್ಲ ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಶರಾನ್ ಇನೌಯೆ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಂಶೋಧಕರು ಡೆಲಿರಿಯಂ ಎಂದು ಗುರುತಿಸಿದ ರೋಗಿಗಳಲ್ಲಿ ನರ್ಸ್‌ಗಳ ಗಮನಕ್ಕೆ ಬಂದವರು ಶೇ. 31 ಮಾತ್ರ. ತಪ್ಪಿಹೋದವರಲ್ಲಿ ಹೆಚ್ಚಿನವರು ಮಂಕಾಗಿ ಮಲಗಿದವರು, 80 ದಾಟಿದವರು, ದೃಷ್ಟಿ ಮಂದವಾದವರು, ಮೊದಲೇ ಮರೆವಿದ್ದವರು. ಆ ನರ್ಸ್‌ಗಳಿಗೆ ಕರುಣೆ ಇರಲಿಲ್ಲವೆಂದಲ್ಲ. ಏನನ್ನು ನೋಡಬೇಕು ಎಂಬುದನ್ನು ಕಲಿಯದಿದ್ದರೆ ಕಣ್ಣೆದುರಿನದೂ ಕಾಣುವುದಿಲ್ಲ.

ಅದನ್ನು ಕಲಿಸಲು ಇನೌಯೆಯವರು 1990ರಲ್ಲೇ ಒಂದು ಪರೀಕ್ಷಾ ಕ್ರಮವನ್ನು ರೂಪಿಸಿದ್ದರು. ಅದರಲ್ಲಿ ನಾಲ್ಕು ವಿಷಯಗಳನ್ನು ನೋಡುತ್ತಾರೆ. ಬದಲಾವಣೆ ದಿಢೀರನೆ ಬಂದು ಏರಿಳಿಯುತ್ತಿದೆಯೇ? ಗಮನ ಒಂದೆಡೆ ನಿಲ್ಲುತ್ತಿಲ್ಲವೇ? ಮಾತು ಅಡ್ಡಾದಿಡ್ಡಿಯಾಗಿದೆಯೇ? ಎಚ್ಚರದ ಮಟ್ಟ ಹೆಚ್ಚು ಕಡಿಮೆಯಾಗಿದೆಯೇ? ಮೊದಲೆರಡು ಇದ್ದು, ಉಳಿದೆರಡರಲ್ಲಿ ಒಂದಾದರೂ ಇದ್ದರೆ ಡೆಲಿರಿಯಂ ಎಂದು ತಿಳಿಯಬೇಕು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರೂಪುಗೊಂಡ 4ಎಟಿ ಎಂಬ ಇನ್ನೊಂದು ಪರೀಕ್ಷೆ ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತದೆ. ಅದರಲ್ಲಿ ವಯಸ್ಸು, ಹುಟ್ಟಿದ ದಿನ, ಈಗಿರುವ ಜಾಗ, ಈಗಿನ ವರ್ಷ ಕೇಳುತ್ತಾರೆ. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿಸುತ್ತಾರೆ.

ಇಲ್ಲಿ ನಮ್ಮ ನಾಡಿನದೇ ಒಂದು ಮಾತಿದೆ. ನಮ್ಮ ಅನೇಕ ತಾಯಂದಿರಿಗೆ ಹುಟ್ಟಿದ ದಿನವೇ ಗೊತ್ತಿಲ್ಲ. ಇಂಗ್ಲಿಷ್ ತಿಂಗಳುಗಳು ಬಾಯಿಪಾಠವಿಲ್ಲ. ಮನೆಯಲ್ಲಿ ಉರ್ದುವನ್ನೋ ಬ್ಯಾರಿಯನ್ನೋ ಆಡುವವರಿಗೆ ಅವಸರದ ಕನ್ನಡವೂ ಅರ್ಥವಾಗದಿರಬಹುದು. ಅಂತಹವರು ಉತ್ತರಿಸದಿದ್ದರೆ ಅದು ರೋಗವೋ ಭಾಷೆಯೋ ಎಂದು ಹೇಳಬಲ್ಲವರು ಮನೆಯವರು ಮಾತ್ರ. ಆದ್ದರಿಂದ ಆಸ್ಪತ್ರೆಯ ತರಬೇತಿಯಲ್ಲಿ ಮನೆಯವರನ್ನು ಕೇಳುವುದೂ ಒಂದು ಪಾಠ. ಅವರಿಗೆ ಸರಿಯಾದ ಉತ್ತರ ಕೊಡುವುದು ನಮ್ಮ ಪಾಠ. ನಮ್ಮ ಸಮುದಾಯದ ಎಷ್ಟೋ ಹೆಣ್ಣುಮಕ್ಕಳು, ಗಂಡುಮಕ್ಕಳು ಇಂದು ನರ್ಸಿಂಗ್ ಕಲಿಯುತ್ತಿದ್ದಾರೆ. ಅವರು ಈ ವಿದ್ಯೆಯನ್ನು ಮನಸ್ಸಿಟ್ಟು ಕಲಿಯಲಿ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ಯವರು ತಮ್ಮ ಮಸೀದಿಯಲ್ಲೇ ಡೇರೆಯಲ್ಲಿ ಇರಿಸಿದ್ದರು. ಆ ಡೇರೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದವರು ರುಫೈದಾ(ರ) ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ.

ತಡೆಯುವುದೇ ದೊಡ್ಡ ಚಿಕಿತ್ಸೆ

ಅದೇ ಯೇಲ್ ತಂಡ 1999ರಲ್ಲಿ ಇನ್ನೊಂದು ಫಲಿತಾಂಶವನ್ನು ಪ್ರಕಟಿಸಿತ್ತು. ಆಸ್ಪತ್ರೆಗೆ ದಾಖಲಾದ 70 ವರ್ಷ ಮೇಲ್ಪಟ್ಟ 852 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಎಂದಿನ ಆರೈಕೆ ನೀಡಲಾಯಿತು. ಉಳಿದರ್ಧ ಮಂದಿಯನ್ನು ತರಬೇತಿ ಪಡೆದ ಸಿಬ್ಬಂದಿ ಮತ್ತು ಸ್ವಯಂಸೇವಕರು ವಿಶೇಷವಾಗಿ ನೋಡಿಕೊಂಡರು. ಎಂದಿನ ಆರೈಕೆಯಲ್ಲಿ ಶೇ. 15 ಮಂದಿಗೆ ಡೆಲಿರಿಯಂ ಬಂದರೆ, ವಿಶೇಷ ಆರೈಕೆಯಲ್ಲಿ ಬಂದದ್ದು ಶೇ. 9.9 ಮಂದಿಗೆ.

ಆ ವಿಶೇಷ ಆರೈಕೆ ಏನೆಂದು ಕೇಳಿದರೆ ಆಶ್ಚರ್ಯವಾಗುತ್ತದೆ. ದಿನ, ಜಾಗ, ಆರೈಕೆ ಮಾಡುವವರ ಹೆಸರನ್ನು ಆಗಾಗ ನೆನಪಿಸುವುದು. ಕನ್ನಡಕ ಹಾಕಿಸುವುದು, ಕಿವಿಯ ಯಂತ್ರ ತೊಡಿಸುವುದು. ನೀರು ಕುಡಿಸುವುದು. ದಿನಕ್ಕೆ ಕೆಲವು ಬಾರಿ ಎಬ್ಬಿಸಿ ನಡೆಸುವುದು. ರಾತ್ರಿ ನಿದ್ದೆ ಮಾತ್ರೆಗೆ ಬದಲಾಗಿ ಬೆಚ್ಚಗಿನ ಹಾಲು, ಬೆನ್ನು ನೀವುವುದು, ಸದ್ದು ಕಡಿಮೆ ಮಾಡುವುದು. ಒಳ್ಳೆಯ ಮಕ್ಕಳು ಮನೆಯಲ್ಲಿ ಮಾಡುವುದೇ ಇದು. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಡೆಲಿರಿಯಂ ಒಮ್ಮೆ ಬಂದ ಮೇಲೆ ಅದರ ತೀವ್ರತೆಯನ್ನು ಈ ಆರೈಕೆ ಅಷ್ಟಾಗಿ ತಗ್ಗಿಸಲಿಲ್ಲ. ಆದ್ದರಿಂದ ಇದೆಲ್ಲ ಮೊದಲ ದಿನದಿಂದಲೇ ಆಗಬೇಕು.

ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಅದನ್ನು ಹೀಗೆ ಉಪಯೋಗಿಸಿಕೊಳ್ಳೋಣ:

1. ದಾಖಲಿಸುವಾಗ ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಮರೆಯದೆ ಒಯ್ಯಿರಿ. ತಿನ್ನುವ ಎಲ್ಲ ಔಷಧಿಗಳ ಚೀಟಿ ಕೊಡಿ. ಯೂನಾನಿ, ಆಯುರ್ವೇದ ಔಷಧಿ ಇದ್ದರೆ ಅದನ್ನೂ ತಿಳಿಸಿ.

2. ಇವರು ಮಾಮೂಲಾಗಿ ಹೇಗಿರುತ್ತಾರೆ ಎಂಬುದನ್ನು ಮೊದಲ ದಿನವೇ ನರ್ಸ್‌ಗೆ ಹೇಳಿ.

3. ಇಂದು ಯಾವ ದಿನ, ಯಾವ ನಮಾಝಿನ ಹೊತ್ತು ಎಂದು ಹೇಳುತ್ತಿರಿ. ಅಝಾನಿನ ಸದ್ದು ಕೇಳಿದರೆ ಇದು ಅಸ್ರ್, ಇದು ಇಶಾ ಎನ್ನಿ. ದಿನದ ಹೊತ್ತನ್ನು ಗುರುತಿಸಲು ನಮ್ಮ ಹಿರಿಯರಿಗೆ ಗಡಿಯಾರಕ್ಕಿಂತ ಇದೇ ಹತ್ತಿರ.

4. ವೈದ್ಯರು ಬೇಡವೆನ್ನದಿದ್ದರೆ ನೀರು ಕುಡಿಸಿ, ಕುರ್ಚಿಯಲ್ಲಿ ಕೂರಿಸಿ, ಆಸರೆ ಕೊಟ್ಟು ನಡೆಸಿ.

5. ಹತ್ತು ಮಂದಿ ಒಟ್ಟಿಗೆ ನೋಡಲು ಹೋಗಬೇಡಿ. ರೋಗಿಯ ಭೇಟಿ ಸುನ್ನತ್. ಇಶಾ ಕಳೆದ ಮೇಲೂ ಮಂಚದ ಸುತ್ತ ಕುಳಿತು ಮಾತಾಡುವುದು ರೋಗಿಯ ನಿದ್ದೆ ಕೆಡಿಸುತ್ತದೆ.

6. ಗಲಿಬಿಲಿ ಕಂಡ ಕೂಡಲೇ ತಿಳಿಸಿ. "ನಮ್ಮ ಅಬ್ಬಾ ಮೊನ್ನೆಯವರೆಗೆ ಹೀಗಿರಲಿಲ್ಲ" ಎಂಬ ಒಂದು ಮಾತು ಸಾಕು. ಮನೆಯಲ್ಲಿ ಹೀಗಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.

7. ಕೈಕಾಲು ಕಟ್ಟುವುದು, ನಿದ್ದೆ ಮಾತ್ರೆ ಹೆಚ್ಚಿಸುವುದು ಅನೇಕ ಬಾರಿ ಗಲಿಬಿಲಿಯನ್ನು ಹೆಚ್ಚಿಸುತ್ತದೆ. ಅದಕ್ಕೆ ನೀವಾಗಿ ಒತ್ತಾಯಿಸಬೇಡಿ. ಕಾಣದ್ದನ್ನು ಕಂಡೆ ಎಂದರೆ ವಾದಿಸಬೇಡಿ, ಕೈ ಹಿಡಿದು "ನಾನಿದ್ದೇನೆ" ಎನ್ನಿ.

ಆ ಹೊತ್ತಿನ ಮಾತಿಗೆ ಹೊಣೆ ಇದೆಯೇ?

ಈ ಪ್ರಶ್ನೆಯನ್ನು ಅನೇಕರು ನಮ್ಮ ಬಳಿ ಸಂಕೋಚದಿಂದ ಕೇಳುತ್ತಾರೆ. ನಮಾಝ್ ತಪ್ಪಿಸದ ತಂದೆ ಆಸ್ಪತ್ರೆಯಲ್ಲಿ ಬಾಯಿಗೆ ಬಂದಂತೆ ಬೈದರು. ತಾಯಿ ಸೊಸೆಯ ಮೇಲೆ ಕಳ್ಳತನದ ಆರೋಪ ಹೊರಿಸಿದರು. ಒಬ್ಬರು ಪತ್ನಿಗೆ ತಲಾಖ್ ಎಂದೇ ಅಂದುಬಿಟ್ಟರು. ರೋಗ ವಾಸಿಯಾದರೂ ಈ ಮಾತುಗಳು ಮನೆಯಲ್ಲಿ ಮುಳ್ಳಾಗಿ ಉಳಿಯುತ್ತವೆ.

ನಿದ್ರಿಸುವವನು ಏಳುವ ತನಕ, ಮಗು ಪ್ರಾಯಕ್ಕೆ ಬರುವ ತನಕ, ಬುದ್ಧಿ ಕಳೆದುಕೊಂಡವನಿಗೆ ಅದು ಮರಳುವ ತನಕ ಕರ್ಮಗಳನ್ನು ಬರೆಯುವ ಲೇಖನಿ ಎತ್ತಲ್ಪಟ್ಟಿದೆ ಎಂಬುದು ಪ್ರವಾದಿ(ಸ)ರ ಬೋಧನೆ. ಹನಫಿ ಫಿಕ್ಹ್ ಗ್ರಂಥಗಳು ತಲಾಖ್ ಸಿಂಧುವಾಗದವರ ಪಟ್ಟಿಯಲ್ಲಿ ಹುಚ್ಚು ಹಿಡಿದವನು, ನಿದ್ರಿಸುವವನು, ಮೂರ್ಛೆ ಹೋದವನ ಜೊತೆಗೆ ಮುಬರ್ಸಮ್ ಎಂಬವನನ್ನೂ ಹೆಸರಿಸುತ್ತವೆ. ರೋಗದಿಂದ ಬುದ್ಧಿಗೆ ಮಬ್ಬು ಕವಿದು ಬಡಬಡಿಸುವವನೇ ಮುಬರ್ಸಮ್. ಮದ್ರಸಾದಲ್ಲಿ ಆ ಪದವನ್ನು ಓದುವಾಗ ನಮಗೆ ಅದು ಬರೀ ಪದವಾಗಿತ್ತು. ಆಸ್ಪತ್ರೆಯ ಮಂಚದ ಬಳಿ ಅದರ ಅರ್ಥ ತಿಳಿಯಿತು.

ಆದ್ದರಿಂದ ಆ ಸ್ಥಿತಿಯಲ್ಲಿ ಆಡಿದ ಮಾತನ್ನು ಹಿಡಿದು ಸಂಬಂಧ ಮುರಿಯಬೇಡಿ. ಅದೇ ರೀತಿ, ಆ ಸ್ಥಿತಿಯಲ್ಲಿರುವವರ ಹೆಬ್ಬೆಟ್ಟು ಒತ್ತಿಸಿಕೊಂಡು ಆಸ್ತಿ ಪತ್ರ ಮಾಡಿಸುವುದು ಘೋರ ಅನ್ಯಾಯ. ಅಲ್ಲಾಹನ ಮುಂದೆ ಅದಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ತಪ್ಪಿದ ನಮಾಝ್‌ಗಳ ಖಝಾ ವಿಷಯವು ಬುದ್ಧಿ ಎಷ್ಟು ಹೊತ್ತು ಇರಲಿಲ್ಲ ಎಂಬುದನ್ನು ಅವಲಂಬಿಸಿದೆ. ಅದನ್ನು ನಿಮ್ಮ ಮಸೀದಿಯ ಆಲಿಮರಲ್ಲಿ ಕೇಳಿ ತಿಳಿಯಿರಿ.

ಗುಣಮುಖರಾದವರಿಗೆ ಕೆಲವೊಮ್ಮೆ ಆ ರಾತ್ರಿಗಳ ತುಣುಕು ನೆನಪಿರುತ್ತದೆ. ಅವರು ನಾಚಿಕೆಯಿಂದ ಕುಗ್ಗುತ್ತಾರೆ. ನಮ್ಮ ಜಮಾಅತಿನ ಆ ಹಿರಿಯರು ಊರುಗೋಲು ಹಿಡಿದು ಮೊದಲ ಬಾರಿ ಜುಮಾಕ್ಕೆ ಬಂದಾಗ, "ಹಝ್ರತ್, ಆವತ್ತು ನಾನು ಏನಾದರೂ ಅಂದಿದ್ದರೆ ಮಾಫ್ ಮಾಡಿ" ಎಂದರು. ಅವರ ಕೈ ಹಿಡಿದು ನಾವೇ ಕ್ಷಮೆ ಕೇಳಿದೆವು.

ತಂದೆ ತಾಯಿಯರು ಮುದುಕರಾದಾಗ ಅವರ ಮುಂದೆ ಬೇಸರದ ಉಸಿರನ್ನೂ ಬಿಡಬಾರದೆಂದು ಕುರ್‌ಆನ್ ನಮಗೆ ಕಲಿಸಿದೆ. ಅವರು ನಮ್ಮನ್ನೇ ಗುರುತಿಸದ ರಾತ್ರಿಯಲ್ಲಿ ಆ ಆಜ್ಞೆಯನ್ನು ಪಾಲಿಸುವುದು ಕಷ್ಟ. ಅದು ರೋಗವೆಂದು ತಿಳಿದಿದ್ದರೆ ಸ್ವಲ್ಪ ಸುಲಭವಾಗುತ್ತದೆ.

ಅಲ್ಲಾಹನು ನಮ್ಮ ಹಿರಿಯರಿಗೆ ಆರೋಗ್ಯವನ್ನೂ, ಅವರ ಸೇವೆ ಮಾಡುವವರಿಗೆ ಅರಿವು ಮತ್ತು ಸಹನೆಯನ್ನೂ ಕರುಣಿಸಲಿ. ಆಮೀನ್.