ಗೇಟ್, ಜ್ಯಾಮ್‌ಗೆ ಕಡಿಮೆ ಖರ್ಚಿನ ತಯಾರಿ

ಪದವಿ ಮುಗಿಸಿ ಐಐಟಿಗಳಲ್ಲೋ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೋ ಮುಂದೆ ಓದಬೇಕೆನ್ನುವವರಿಗೆ ಮುಖ್ಯವಾಗಿ ಎರಡು ಪರೀಕ್ಷೆಗಳಿವೆ. ಎಂಜಿನಿಯರಿಂಗ್ ಓದಿದವರು ಎಂ.ಟೆಕ್.ಗಾಗಿ ಗೇಟ್ ಬರೆಯುತ್ತಾರೆ, ಬಿ.ಎಸ್‌ಸಿ. ಮಾಡಿದವರು ಎಂ.ಎಸ್‌ಸಿ.ಗಾಗಿ ಜ್ಯಾಮ್ ಬರೆಯುತ್ತಾರೆ. ಎರಡಕ್ಕೂ ಕೋಚಿಂಗ್ ಕೊಡುವ ಖಾಸಗಿ ಕೇಂದ್ರಗಳ ಶುಲ್ಕ ಹತ್ತಾರು ಸಾವಿರ ರೂಪಾಯಿ ಮುಟ್ಟುತ್ತದೆ. ಅವು ಕಲಿಸುವ ವಿಷಯಗಳನ್ನೇ ಐಐಟಿ ಪ್ರಾಧ್ಯಾಪಕರಿಂದ ಪುಕ್ಕಟೆಯಾಗಿ ಕೇಳುವ ಅನುಕೂಲ ಎರಡು ದಶಕಗಳಿಂದ ಇದೆ. ಹಾಗಿದ್ದರೂ ಯಾವ ಕೋರ್ಸಿಗೆ ಎಷ್ಟು ಹಣ ತೆರಬೇಕು ಎನ್ನುವುದು ಬೆಲೆಪಟ್ಟಿ ನೋಡಿ ತೀರ್ಮಾನಿಸುವ ಸಂಗತಿಯಲ್ಲ. ಸೀಟು ಕೊಡುವವರು ಅಭ್ಯರ್ಥಿಯಲ್ಲಿ ಏನನ್ನು ನೋಡುತ್ತಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಗೇಟ್‌ನಲ್ಲಿ ನೋಡುವುದು ಅಂಕವನ್ನು ಮಾತ್ರ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಹೆಚ್ಚಿನ ಎಂಜಿನಿಯರಿಂಗ್ ಪತ್ರಿಕೆಗಳಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, 13 ಅಂಕ ಎಂಜಿನಿಯರಿಂಗ್ ಗಣಿತಕ್ಕೆ, ಉಳಿದ 72 ಆಯಾ ವಿಷಯಕ್ಕೆ ಮೀಸಲು. ಒಮ್ಮೆ ಪಡೆದ ಸ್ಕೋರ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಮೂರನೇ ವರ್ಷದ ಬಿ.ಇ. ವಿದ್ಯಾರ್ಥಿಗಳೂ ಪರೀಕ್ಷೆ ಬರೆಯಬಹುದು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಪರೀಕ್ಷೆಯ ಅಧಿಕೃತ ಜಾಲತಾಣದಲ್ಲೇ ಸಿಗುತ್ತವೆ. ಇವುಗಳಲ್ಲಿ ಎರಡು ಮೂರನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ತಪ್ಪಿದ ಪ್ರಶ್ನೆಗಳು ಪಠ್ಯಕ್ರಮದ ಯಾವ ಭಾಗದವು ಎಂದು ಗುರುತು ಹಾಕಿಕೊಂಡರೆ ಯಾವ ಕೋರ್ಸ್ ಬೇಕು, ಯಾವುದು ಬೇಡ ಎಂಬುದು ಬಹುಮಟ್ಟಿಗೆ ಇತ್ಯರ್ಥವಾಗುತ್ತದೆ. ಕೋಚಿಂಗ್ ಕೇಂದ್ರದ ಸಲಹೆಗಾರರು ಈ ಕೆಲಸವನ್ನು ಹೇಳಿಕೊಡುವುದು ಅಪರೂಪ. ಎಂಟು ವಿಷಯಗಳ ಪೈಕಿ ಎರಡರಲ್ಲಷ್ಟೇ ಹಿಂದಿರುವ ವಿದ್ಯಾರ್ಥಿಗೂ ಅವರು ಮಾರುವುದು ಎಂಟರ ಪ್ಯಾಕೇಜನ್ನೇ.

ಗುರುತು ಬಿದ್ದ ವಿಷಯಗಳಿಗೆ ಮೊದಲು ನೋಡಬೇಕಾದದ್ದು ಎನ್‌ಪಿಟಿಇಎಲ್. ಏಳು ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಕೇಂದ್ರ ಸರ್ಕಾರದ ಹಣದಿಂದ ಆರಂಭಿಸಿದ ಆನ್‌ಲೈನ್ ಪಾಠಗಳ ಯೋಜನೆ ಇದು. 2014ರಿಂದ ಇಲ್ಲಿ 4, 8, 12 ವಾರಗಳ ಕೋರ್ಸುಗಳಿಗೆ ಪ್ರಮಾಣಪತ್ರವನ್ನೂ ಕೊಡಲಾಗುತ್ತಿದೆ. ಈಗ ಅವು ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯ ಮೂಲಕ ನಡೆಯುತ್ತವೆ. ನೋಂದಣಿ, ವಿಡಿಯೊ, ಅಸೈನ್‌ಮೆಂಟ್ ಎಲ್ಲವೂ ಉಚಿತ. ಪರೀಕ್ಷಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕೆಂದರೆ ಮಾತ್ರ ಕೋರ್ಸಿಗೆ ಸಾವಿರ ರೂಪಾಯಿ ಆಸುಪಾಸು ಖರ್ಚು. ಅನೇಕ ಕೋರ್ಸುಗಳ ಪಾಠದ ಪಠ್ಯ ಕನ್ನಡದಲ್ಲೂ ಲಭ್ಯ. ಇಂಗ್ಲಿಷ್ ಉಪನ್ಯಾಸದ ವೇಗಕ್ಕೆ ಒಗ್ಗಿಕೊಳ್ಳುವವರೆಗೆ ಅದು ಕೈಹಿಡಿಯುತ್ತದೆ, ಆದರೆ ಗೇಟ್, ಜ್ಯಾಮ್ ಎರಡೂ ಪತ್ರಿಕೆಗಳು ಇಂಗ್ಲಿಷಿನಲ್ಲೇ ಇರುವುದರಿಂದ ಕೊನೆಗೆ ಇಂಗ್ಲಿಷ್ ಪಾರಿಭಾಷಿಕಗಳನ್ನೇ ರೂಢಿ ಮಾಡಿಕೊಳ್ಳಬೇಕು.

ಪ್ರಮಾಣಪತ್ರಕ್ಕೆ ಹಣ ಕಟ್ಟಬೇಕೆ? ಗೇಟ್ ಅಥವಾ ಜ್ಯಾಮ್ ಒಂದೇ ಗುರಿಯಾಗಿದ್ದರೆ ಅಗತ್ಯವಿಲ್ಲ. ರ‍್ಯಾಂಕ್ ಪಟ್ಟಿ ಮಾಡುವಾಗ ಅದನ್ನು ಯಾರೂ ಕೇಳುವುದಿಲ್ಲ. ಆದರೆ ಸ್ವಯಂ ಕೋರ್ಸುಗಳ ಕ್ರೆಡಿಟ್ಟನ್ನು ಪದವಿಗೆ ಸೇರಿಸಿಕೊಳ್ಳಲು ಯುಜಿಸಿ ಅವಕಾಶ ಕೊಟ್ಟಿದೆ. 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಹೀಗೆ ಪಡೆಯಬಹುದು. ತನ್ನ ವಿಶ್ವವಿದ್ಯಾಲಯ ಇದನ್ನು ಒಪ್ಪುತ್ತದೆಯೇ ಎಂದು ವಿಭಾಗದಲ್ಲಿ ವಿಚಾರಿಸಿಕೊಂಡ ವಿದ್ಯಾರ್ಥಿಗೆ ಆ ಸಾವಿರ ರೂಪಾಯಿ ನಷ್ಟದ ಬಾಬತ್ತಲ್ಲ: ಓದಿದ್ದು ಅಂಕಪಟ್ಟಿಯಲ್ಲೇ ದಾಖಲಾಗುತ್ತದೆ.

ಉಪನ್ಯಾಸ ಕೇಳುವುದರಿಂದ ಬರದ ಕೌಶಲವೊಂದಿದೆ, ಅದು ಗಡುವಿನೊಳಗೆ ಲೆಕ್ಕ ಬಿಡಿಸುವುದು. ಗೇಟ್‌ನ ಬಹು ಆಯ್ಕೆ ಪ್ರಶ್ನೆಗಳಲ್ಲಿ ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಡಿತವಾಗುತ್ತದೆ, ಸಂಖ್ಯೆಯನ್ನೇ ಟೈಪ್ ಮಾಡುವ ಪ್ರಶ್ನೆಗಳಲ್ಲಿ ಕಡಿತವಿಲ್ಲ. ಯಾವುದನ್ನು ಬಿಡಬೇಕು, ಎಲ್ಲಿ ಧೈರ್ಯ ಮಾಡಬೇಕು ಎಂಬ ಅಂದಾಜು ಅಣಕು ಪರೀಕ್ಷೆಗಳಿಂದಲೇ ಬರಬೇಕು. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಇಲ್ಲಿ ಮಾಡುವುದು ವಾಸಿ: ಬರೀ ಟೆಸ್ಟ್ ಸರಣಿ ಪೂರ್ಣ ಕೋಚಿಂಗ್‌ನ ಸಣ್ಣದೊಂದು ಪಾಲಿಗೆ ಸಿಗುತ್ತದೆ. ಎನ್‌ಪಿಟಿಇಎಲ್ ಕೂಡ ಗೇಟ್‌ಗೆಂದೇ ಉಚಿತ ಪೋರ್ಟಲ್ ನಡೆಸುತ್ತಿದೆ. ಪೂರ್ಣ ಕೋಚಿಂಗಿಗೇ ಸೇರುವವರು ಶುಲ್ಕ ವಾಪಸಿಯ ಷರತ್ತನ್ನು ಬರಹದಲ್ಲಿ ಪಡೆಯಬೇಕು. ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಮಾರ್ಗಸೂಚಿ ಹೇಳುತ್ತದೆ.

ಗಣಿತದವರ ದಾರಿ ತುಸು ಬೇರೆ. ಬೆಂಗಳೂರಿನಲ್ಲೂ ಕೇಂದ್ರವಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಎಂ.ಮ್ಯಾಥ್ ಪ್ರವೇಶ ಪರೀಕ್ಷೆಯಲ್ಲಿ ಸಾಧನೆಗಳನ್ನು ಹೆಜ್ಜೆಹೆಜ್ಜೆಯಾಗಿ ಬರೆದು ತೋರಿಸಬೇಕು. ಸರಿ ಉತ್ತರಕ್ಕೆ ಗುರುತು ಹಾಕುವ ಅಭ್ಯಾಸ ಅಲ್ಲಿ ಸಾಲದು. ಈ ಬಗೆಯ ಯೋಚನೆಯನ್ನು ಕಲಿಸಲೆಂದೇ 1993ರಲ್ಲಿ ಗಣಿತಜ್ಞ ಎಸ್. ಕುಮರೇಶನ್ ಅವರು ಎಂಟಿಟಿಎಸ್ ಎಂಬ ಬೇಸಿಗೆ ಶಿಬಿರ ಆರಂಭಿಸಿದರು. ಸೂತ್ರ ಬಾಯಿಪಾಠ ಮಾಡಿ ಮೊದಲ ದರ್ಜೆ ಪಡೆದವರು ಅಲ್ಲಿ ಕಪ್ಪುಹಲಗೆಯ ಮುಂದೆ ನಿಂತು ಪ್ರತಿ ಹೆಜ್ಜೆಗೂ ಕಾರಣ ಕೊಡಬೇಕಾಗುತ್ತದೆ. ಸಂಶೋಧನೆಯತ್ತ ಒಲವಿರುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ ಇದೆ. ಇಲ್ಲಿ ವಿದ್ಯಾರ್ಥಿಗೇ ಭತ್ಯೆ ಸಿಗುತ್ತದೆ. ಸಂಶೋಧನಾ ಪದವಿಗಳ ಆಯ್ಕೆಯಲ್ಲಿ ಸಂದರ್ಶನವೂ ಇರುವುದರಿಂದ ಇಂಥ ಅನುಭವ ಕೋಚಿಂಗ್ ಟಿಪ್ಪಣಿಗಳಿಗಿಂತ ಹೆಚ್ಚು ಉಪಕಾರಿ.

ವಿದೇಶಕ್ಕೆ ಅರ್ಜಿ ಹಾಕುವವರಿಗೆ ಲೆಕ್ಕ ತಿರುವುಮುರುವಾಗುತ್ತದೆ. ಮೆಕ್ಯಾನಿಕಲ್ ಓದಿ ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಬಯಸುವವರಲ್ಲಿ ವಿಭಾಗಗಳು ಡೇಟಾ ಸ್ಟ್ರಕ್ಚರ್ಸ್, ಆಲ್ಗರಿದಮ್ಸ್, ಡಿಸ್ಕ್ರೀಟ್ ಗಣಿತ ಓದಿದ್ದಕ್ಕೆ ದಾಖಲೆ ಹುಡುಕುತ್ತವೆ. ಬರೀ ವಿಡಿಯೊ ನೋಡಿದ್ದಕ್ಕೆ ದಾಖಲೆ ಇರುವುದಿಲ್ಲವಾದ್ದರಿಂದ ಅಂಕ ನಮೂದಾದ ಪ್ರಮಾಣಪತ್ರಕ್ಕೆ ಇಲ್ಲಿ ಬೆಲೆ ಬರುತ್ತದೆ. ಅದನ್ನು ಒಪ್ಪುವುದು ಬಿಡುವುದು ಆಯಾ ವಿಭಾಗದ ಮರ್ಜಿ. ಹಣ ಕಟ್ಟುವ ಮೊದಲೇ ಪ್ರವೇಶ ಕಚೇರಿಗೆ ಇಮೇಲ್ ಬರೆದು ಕೇಳಿಕೊಳ್ಳುವುದು ಲೇಸು. ಕೋವಿಡ್ ನಂತರ ಹಲವು ವಿಭಾಗಗಳು ಜಿಆರ್‌ಇ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟಿವೆ ಇಲ್ಲವೇ ಐಚ್ಛಿಕ ಮಾಡಿವೆ. ಇನ್ನೂ ಕೇಳುವ ಕಡೆಗೆ ಅರ್ಜಿ ಹಾಕುವವರಿಗೆ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಎರಡು ಪೂರ್ಣ ಅಭ್ಯಾಸ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ.

ಇನ್ನು ಕ್ಯಾಲೆಂಡರ್. ಗೇಟ್, ಜ್ಯಾಮ್ ಎರಡೂ ಫೆಬ್ರುವರಿ ಹೊತ್ತಿಗೆ ನಡೆಯುತ್ತವೆ. ಎನ್‌ಪಿಟಿಇಎಲ್ ಕೋರ್ಸುಗಳು ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ಪರೀಕ್ಷೆಗೆ ಒಂದು ವರ್ಷ ಇರುವಾಗ ಜನವರಿ ಸರಣಿಯಲ್ಲಿ ಅತಿ ದುರ್ಬಲ ವಿಷಯವನ್ನೂ ಜುಲೈ ಸರಣಿಯಲ್ಲಿ ಎರಡನೆಯದನ್ನೂ ಮುಗಿಸಿದರೆ ನವೆಂಬರಿನಿಂದ ಮುಂದಿನ ಮೂರು ತಿಂಗಳು ಅಣಕು ಪರೀಕ್ಷೆಗಳಿಗೆ ಉಳಿಯುತ್ತವೆ.