ಹಡ್ಸನ್ ಕಣಿವೆಯಲ್ಲಿ ಸೈಕಲ್ಲು, ದ್ರಾಕ್ಷಿ ಮತ್ತು ನಮ್ಮಪ್ಪ



ಕಳೆದ ದೀಪಾವಳಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಪರಿಚಯದವರೊಬ್ಬರು ಫೋನಿನಲ್ಲಿ ಫೋಟೋ ತೋರಿಸಿದರು. ಸ್ವಿಟ್ಜರ್ಲ್ಯಾಂಡಿನ ಕಣಿವೆ, ಇಳಿಜಾರಿನ ತುಂಬ ದ್ರಾಕ್ಷಿತೋಟ, ನಡುವೆ ಹೆಲ್ಮೆಟ್ ಹಾಕಿಕೊಂಡ ಅವರು ಮತ್ತು ಒಂದು ಬಾಡಿಗೆ ಸೈಕಲ್ಲು. ಏಳು ದಿನದ ಪ್ಯಾಕೇಜಂತೆ. ರೇಟು ಕೇಳಿ ನನಗೆ ಹಸಿವೇ ಹಾರಿಹೋಯಿತು! "ನಮ್ಮ ಕಡೆ ಇಂಥದ್ದೆಲ್ಲಿ ಸಿಗುತ್ತೆ ಹೇಳಿ" ಅಂದರು. "ಸಿಗುತ್ತೆ ಸಾರ್, ಎರಡು ಗಂಟೆ ರೈಲಿನಲ್ಲಿ ಕೂತರೆ ಸಿಗುತ್ತೆ" ಅಂದೆ. ಅಷ್ಟರಲ್ಲಿ ಸಾಲು ಮುಂದೆ ಹೋಯಿತು, ಮಾತು ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ.

ಹೆಸರಿಗೆ ಬೇಕೆಂದರೆ ನಮ್ಮ ನ್ಯೂಜೆರ್ಸಿಯಲ್ಲೂ ಒಂದು ಆಲ್ಪೈನ್ ಇದೆ. ಬರ್ಗೆನ್ ಕೌಂಟಿಯಲ್ಲಿ, ಹಡ್ಸನ್ ನದಿಯ ದಡದ ಪ್ಯಾಲಿಸೇಡ್ಸ್ ಬಂಡೆಗಳ ನೆತ್ತಿಯ ಮೇಲಿರುವ ಊರು. ಬಂಡೆಯ ಕೆಳಗೆ ನದಿಗುಂಟ ಹೋಗುವ ಹೆನ್ರಿ ಹಡ್ಸನ್ ಡ್ರೈವ್ ಎಂದರೆ ಸೈಕಲ್ ಹುಚ್ಚಿನವರಿಗೆ ತೀರ್ಥಕ್ಷೇತ್ರವಿದ್ದಂತೆ. 2016ರಲ್ಲಿ ಡಾಕ್ಟರು "ನಿಮ್ಮ ಶುಗರ್ ಗಡಿ ದಾಟುತ್ತಿದೆ" ಎಂದು ಹೆದರಿಸಿದಾಗ ನಾನು ಹೊಸ ಸೈಕಲ್ ತೆಗೆದುಕೊಂಡು ನೇರ ಅಲ್ಲಿಗೇ ಹೋದೆ. ಎಡವಿದ್ದೇ ಅಲ್ಲಿ! ಆ ರಸ್ತೆ ಏರುತ್ತದೆ, ಇಳಿಯುತ್ತದೆ, ಕೊನೆಗೆ ನದಿಯಂಚಿನಿಂದ ಬಂಡೆಯ ನೆತ್ತಿಗೆ ಕರೆದೊಯ್ಯುತ್ತದೆ. ಅರ್ಧ ದಾರಿಯಲ್ಲಿ ಕಣ್ಣು ಕತ್ತಲಿಟ್ಟು ಇಳಿದು ತಳ್ಳುತ್ತಿದ್ದೆ. ಎಪ್ಪತ್ತು ದಾಟಿದ್ದಿರಬಹುದಾದ ಅಜ್ಜಿಯೊಬ್ಬರು ಪಕ್ಕದಲ್ಲೇ "ಗುಡ್ ಮಾರ್ನಿಂಗ್" ಹೇಳಿ ಪೆಡಲ್ ತುಳಿಯುತ್ತಾ ಹೋಗಿಬಿಟ್ಟರು. ಆಮೇಲೆ ಎರಡು ತಿಂಗಳು ಸೈಕಲ್ಲು ಗ್ಯಾರೇಜಿನಲ್ಲೇ ಇತ್ತು.

ಅದನ್ನು ಮತ್ತೆ ಹೊರಗೆ ತೆಗೆಸಿದ್ದು ರೈಲು. ನಿಂತುಹೋದ ರೈಲು ಎನ್ನಬೇಕು. ವಿಷಯ ಸರಳ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರಕ್ಕೆ ಹಿಡಿತ ಕಡಿಮೆ. ನೂರು ಅಡಿ ಹೋಗುವಷ್ಟರಲ್ಲಿ ಎರಡಡಿ ಏರಬೇಕೆಂದರೂ ಗಾಡಿಗೆ ಕಷ್ಟ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿನಲ್ಲಿರುವುದು 50ಕ್ಕೆ 1ರ ಏರು, ಅಷ್ಟಕ್ಕೇ 57 ಸುರಂಗ ಕೊರೆದಿದ್ದಾರೆ. ಪಕ್ಕದ ಶಿರಾಡಿ ರಸ್ತೆಯಲ್ಲಿ ಬಸ್ಸು ಎಷ್ಟು ಏದುಸಿರು ಬಿಡುತ್ತದೆಂದು ಊರಿಗೆ ಹೋದವರಿಗೆಲ್ಲ ಗೊತ್ತು. ಹಾಗಾಗಿ ಹಳಿ ಹಾಕುವವರು ದಿಣ್ಣೆ ಕಡಿದು, ತಗ್ಗು ತುಂಬಿ, ಹಳ್ಳಕ್ಕೆ ಸೇತುವೆ ಕಟ್ಟಿ ದಾರಿಯನ್ನು ಮಟ್ಟ ಮಾಡಿರುತ್ತಾರೆ. ರೈಲು ನಿಂತು ಹಳಿ ಕಿತ್ತ ಮೇಲೆ ಉಳಿಯುವುದು ಮಕ್ಕಳೂ ಮಂಡಿನೋವಿನವರೂ ತುಳಿಯಬಹುದಾದ ಬೆಟ್ಟದ ದಾರಿ. ಅದಕ್ಕೇ ಇಲ್ಲಿ ರೈಲ್ ಟ್ರೈಲ್ ಎನ್ನುತ್ತಾರೆ.

ಗ್ರ್ಯಾಂಡ್ ಸೆಂಟ್ರಲ್‌ನಿಂದ ಮೆಟ್ರೋ ನಾರ್ತ್ ರೈಲಿನಲ್ಲಿ ಪಕಿಪ್ಸಿಗೆ ಸುಮಾರು ಎರಡು ಗಂಟೆ. ಸೈಕಲ್ ಒಯ್ಯಲು ಮೊದಲು ಪರ್ಮಿಟ್ ಬೇಕಿತ್ತು, 2021ರಲ್ಲಿ ಅದನ್ನು ತೆಗೆದರು. ಆಫೀಸ್ ವೇಳೆಯ ನೂಕುನುಗ್ಗಲಿನ ರೈಲುಗಳಲ್ಲಿ ಮಾತ್ರ ಬಿಡುವುದಿಲ್ಲ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ದಾರಿಯುದ್ದಕ್ಕೂ ನದಿ ಕಾಣುತ್ತದೆ. ಪಕಿಪ್ಸಿ ಸ್ಟೇಷನ್ನಿನ ಹತ್ತಿರವೇ ಹಡ್ಸನ್ ಮೇಲಿನ ಹಳೆಯ ರೈಲು ಸೇತುವೆ. 1889ರಲ್ಲಿ ರೈಲು ಓಡಾಟ ಶುರುವಾಗಿ, 1974ರಲ್ಲಿ ಬೆಂಕಿ ಬಿದ್ದು ನಿಂತುಹೋಗಿ, 35 ವರ್ಷ ತುಕ್ಕು ಹಿಡಿದು ನಿಂತಿತ್ತು. 2009ರ ಅಕ್ಟೋಬರ್‌ನಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆದರು. 1.28 ಮೈಲಿ ಉದ್ದ, ನೀರಿನಿಂದ 212 ಅಡಿ ಮೇಲೆ. ಗಾಳಿ ಜೋರಿದ್ದ ದಿನ ಟೋಪಿ ಜೋಪಾನ!

ಸೇತುವೆ ದಾಟಿ ಹೈಲ್ಯಾಂಡ್ ಮೂಲಕ ಸುಮಾರು ಹತ್ತು ಮೈಲಿ ಹೋದರೆ ನ್ಯೂ ಪಾಲ್ಟ್ಜ್. ಧರ್ಮದ ಕಾರಣಕ್ಕೆ ಫ್ರಾನ್ಸ್ ಬಿಟ್ಟ ಹ್ಯೂಗನಾಟರು 1678ರಲ್ಲಿ ಕಟ್ಟಿದ ಊರಿದು. ತಮಗೆ ನಡುದಾರಿಯಲ್ಲಿ ಆಶ್ರಯ ಕೊಟ್ಟ ಜರ್ಮನಿಯ ಫಾಲ್ಟ್ಜ್ ಸೀಮೆಯ ಹೆಸರನ್ನೇ ಇಟ್ಟರು. ಅದೂ ದ್ರಾಕ್ಷಿಯ ಸೀಮೆಯೇ. ಇಲ್ಲಿಂದ ವಾಲ್‌ಕಿಲ್ ಕಣಿವೆಯ ಹಳೆಯ ರೈಲು ದಾರಿ ಹಿಡಿಯಬೇಕು. ಪಶ್ಚಿಮಕ್ಕೆ ಶಾವಂಗಂಕ್ ಬೆಟ್ಟದ ಬಿಳಿ ಬಂಡೆಗಳು, ಕೆಳಗೆ ಸೇಬು, ಜೋಳ, ಅಲ್ಲಲ್ಲಿ ದ್ರಾಕ್ಷಿ. ಉತ್ತರಕ್ಕೆ ಏಳೆಂಟು ಮೈಲಿ ಹೋದರೆ ರೋಸೆಂಡೇಲ್‌ನ ಕಬ್ಬಿಣದ ಸೇತುವೆ, 940 ಅಡಿ ಉದ್ದ, 150 ಅಡಿ ಎತ್ತರ. ಬ್ರೂಕ್ಲಿನ್ ಸೇತುವೆಗೆ ಹಾಕಿದ ಸಿಮೆಂಟು ಈ ಊರಿನದ್ದು. ನನ್ನ ಹೆಂಡತಿ ಸೈಕಲ್ ಇಳಿದು, ಕೆಳಗೆ ನೋಡದೆ ತಳ್ಳಿಕೊಂಡೇ ದಾಟಿದಳು. ಅವಮಾನವೇನಿಲ್ಲ, ಹಾಗೆ ದಾಟುವವರು ಬೇಕಾದಷ್ಟಿದ್ದಾರೆ.

ಇನ್ನು ದ್ರಾಕ್ಷಿಯ ವಿಷಯ. ಇಷ್ಟು ಚಳಿಯ ಸೀಮೆಯಲ್ಲಿ ಅದು ಹೇಗೆ ಉಳಿಯುತ್ತದೆ ಎಂದು ನನಗೂ ಆಶ್ಚರ್ಯವಿತ್ತು. ಉತ್ತರ ಗೊತ್ತಾದದ್ದು ಸೈಕಲ್ ಮೇಲೆ. ಬೆಳಗಿನ ಜಾವ ದಿಣ್ಣೆಯಿಂದ ತಗ್ಗಿಗೆ ಇಳಿಯುವಾಗ ಮುಖಕ್ಕೆ ಫ್ರಿಜ್ಜಿನ ಬಾಗಿಲು ತೆರೆದಂತೆ ತಣ್ಣನೆ ಗಾಳಿ ಹೊಡೆಯುತ್ತದೆ, ಮತ್ತೆ ಏರಿದರೆ ಬೆಚ್ಚಗೆ. ತಣ್ಣನೆಯ ಗಾಳಿ ಭಾರ. ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಚಿಗುರು ಸುಡುವ ಇಬ್ಬನಿ ಹೆಪ್ಪುಗಟ್ಟುವುದೂ ಅಲ್ಲೇ. ಅದಕ್ಕೇ ತೋಟಗಳೆಲ್ಲ ಇಳಿಜಾರಿನಲ್ಲಿರುತ್ತವೆ. ಜೊತೆಗೆ ಹಡ್ಸನ್ನಿನಲ್ಲಿ ಸಮುದ್ರದ ಉಬ್ಬರವಿಳಿತ ಟ್ರಾಯ್ ಊರಿನವರೆಗೂ ಇರುತ್ತದೆ. ಅಷ್ಟು ನೀರು ಅಕ್ಕಪಕ್ಕದ ಚಳಿಯ ಮೊನೆಯನ್ನು ಮುರಿಯುತ್ತದೆ. ವಾಷಿಂಗ್ಟನ್‌ವಿಲ್ ಊರಿನ ಬ್ರದರ್‌ಹುಡ್ ವೈನರಿ 1839ರಿಂದ ನಡೆದುಬಂದಿದೆ. ಮದ್ಯಪಾನ ನಿಷೇಧವಿದ್ದ 1920ರಿಂದ 1933ರವರೆಗೆ ಚರ್ಚಿನ ಪೂಜೆಯ ವೈನ್ ಮಾಡಿ ಬದುಕಿಕೊಂಡಿತು.

ನಾನು ವೈನ್ ಮುಟ್ಟುವವನಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ವಾಸನೆ. 2018ರ ಸೆಪ್ಟೆಂಬರ್ ಕೊನೆಯಲ್ಲಿ ನ್ಯೂ ಪಾಲ್ಟ್ಜ್ ಹತ್ತಿರದ ಒಂದು ತೋಟದಂಗಡಿ ಮುಂದೆ ಹಾದುಹೋಗುತ್ತಿದ್ದೆ. ಕಾಲು ತಾನಾಗಿ ನಿಂತಿತು. ಬುಟ್ಟಿಯಲ್ಲಿ ಕಾಂಕಾರ್ಡ್ ದ್ರಾಕ್ಷಿ, ಕಪ್ಪುನೀಲಿ ಬಣ್ಣ, ಮೇಲೆ ಬೂದಿಯಂಥ ಪುಡಿ. ಒಂದನ್ನು ಬಾಯಿಗೆ ಹಾಕಿ ಒತ್ತಿದರೆ ಸಿಪ್ಪೆ ಹಲ್ಲಿನಲ್ಲಿ ಉಳಿದು ತಿರುಳು ಜಾರಿ ನಾಲಿಗೆಗೆ ಬಂತು. ನಾನು ದೇವನಹಳ್ಳಿ ಕಡೆಯವನು. ನಮ್ಮಪ್ಪನಿಗೆ ಒಂದೂವರೆ ಎಕರೆ ದ್ರಾಕ್ಷಿತೋಟವಿತ್ತು. ಏರ್‌ಪೋರ್ಟ್ ಬರುತ್ತದೆಂದು ಸುತ್ತಲಿನವರೆಲ್ಲ ಮಾರಿದಾಗ ಅವರೂ ಮಾರಿದರು, ನಾವು ಮಕ್ಕಳೇ ಹೇಳಿ ಮಾರಿಸಿದೆವು ಎಂದರೆ ಸರಿ. ಆಮೇಲೆ ಅವರು ತೋಟದ ಸುದ್ದಿ ಎತ್ತಿದ್ದಿಲ್ಲ, ಮನೆಗೆ ದ್ರಾಕ್ಷಿ ತಂದದ್ದೂ ಇಲ್ಲ.

ಮನೆಗೆ ಬಂದು ಓದಿದಾಗ ಇನ್ನೊಂದು ಸಂಗತಿ ಸಿಕ್ಕಿತು. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಇಸಾಬೆಲ್ಲಾ ಎಂಬ ಅಮೆರಿಕದ ತಳಿಯೆಂದು ದ್ರಾಕ್ಷಿ ತಜ್ಞರು ಗುರುತಿಸಿದ್ದಾರೆ. ಆ ಹೆಸರು ಬಂದದ್ದು ಬ್ರೂಕ್ಲಿನ್‌ನಲ್ಲಿದ್ದ ಇಸಾಬೆಲ್ಲಾ ಗಿಬ್ಸ್ ಎಂಬಾಕೆಯಿಂದ. 1816ರ ಸುಮಾರಿಗೆ ಅವರ ಮನೆಯ ಬಳ್ಳಿಯನ್ನು ಊರೂರಿಗೆ ಹಂಚಿದ್ದು ವಿಲಿಯಂ ಪ್ರಿನ್ಸ್ ಎಂಬ ನರ್ಸರಿಯವರು. ನರ್ಸರಿ ಇದ್ದದ್ದೆಲ್ಲಿ ಅಂತೀರಿ? ಫ್ಲಶಿಂಗ್‌ನಲ್ಲಿ! 1977ರಲ್ಲಿ ಪ್ರತಿಷ್ಠಾಪನೆಯಾದ ನಮ್ಮ ಗಣೇಶನ ಗುಡಿ ಇರುವ ಊರು, ಕೆಳಗಿನ ಕ್ಯಾಂಟೀನಿನಲ್ಲಿ ನಾವೆಲ್ಲ ದೋಸೆಗೆ ಸಾಲು ನಿಲ್ಲುವ ಅದೇ ಫ್ಲಶಿಂಗ್. ಕಾಂಕಾರ್ಡೂ ಇಸಾಬೆಲ್ಲಾವೂ ಅಮೆರಿಕದ ಕಾಡುದ್ರಾಕ್ಷಿಯ ವಂಶದವೇ ಆದ್ದರಿಂದ ವಾಸನೆ ಹೊಂದಿಕೊಳ್ಳುತ್ತದೆ. ಅಷ್ಟೇ ಏಕೆ, 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಬೇರಿನ ಹೇನು ಫ್ರಾನ್ಸಿನ ತೋಟಗಳನ್ನು ತಿನ್ನತೊಡಗಿದಾಗ ಯೂರೋಪಿನವರು ಅಮೆರಿಕದ ಬೇರಿಗೇ ತಮ್ಮ ಬಳ್ಳಿ ಕಸಿ ಮಾಡಿ ಉಳಿಸಿಕೊಂಡರು.

ಆ ಬುಟ್ಟಿಯ ಮುಂದೆ ನಿಂತೇ ಅಪ್ಪನಿಗೆ ವೀಡಿಯೋ ಕಾಲ್ ಮಾಡಿದ್ದೆ. ಅಲ್ಲಿ ರಾತ್ರಿ ಎಂಟರ ಹೊತ್ತು.

"ಅಪ್ಪಾ, ನಮ್ಮ ತೋಟದ ಹಣ್ಣಿನ ವಾಸನೆ ಬರ್ತಿದೆ ಇಲ್ಲಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬಳ್ಳಿ ತೋರ್ಸು" ಅಂದರು. ತೋರಿಸಿದೆ.

"ಇದೇನೋ, ಚಪ್ಪರಾನೇ ಇಲ್ಲ! ಬೇಲಿಗೆ ಹಬ್ಬಿಸಿದಂಗೆ ಹಬ್ಬಿಸವ್ರೆ. ಕಲ್ಲುಕಂಬ ಸಿಗಲ್ವಂತಾ ಅವ್ರಿಗೆ?"

ಅಂಗಡಿಯಾಕೆಯನ್ನೇ ಕೇಳಿದೆ. ಇಲ್ಲಿ ಸೂರ್ಯ ಓರೆ, ಬಿಸಿಲು ಸಾಲದು. ಸಾಲುಸಾಲಾಗಿ ತಂತಿಗೆ ಕಟ್ಟಿದರೆ ಎಲ್ಲ ಎಲೆಗೂ ಬೆಳಕು ಸಿಗುತ್ತದೆ, ಗಾಳಿಯಾಡಿ ಬೂಷ್ಟು ಕಡಿಮೆಯಾಗುತ್ತದೆ ಎಂದರು. ನಮ್ಮಲ್ಲಿ ನೆತ್ತಿಯ ಬಿಸಿಲು, ಗೊಂಚಲಿಗೆ ನೆರಳು ಬೇಕು, ಅದಕ್ಕೆ ಚಪ್ಪರ. ವರ್ಷಕ್ಕೆ ಎಷ್ಟು ಬೆಳೆ ಅಂದರು ಅಪ್ಪ. ಒಂದೇ, ಚಳಿಗಾಲವೆಲ್ಲ ಬಳ್ಳಿ ನಿದ್ದೆ ಮಾಡುತ್ತದೆ ಅಂದೆ. "ನಾವು ಎರಡು ಸಲ ಸವರಿ ಎರಡು ಬೆಳೆ ತೆಗೀತಿದ್ವಿ" ಎಂದು ಶುರು ಮಾಡಿದವರು ಯಾವ ಸಾಲಿನ ಬಳ್ಳಿ ಹೆಚ್ಚು ಬಿಡುತ್ತಿತ್ತು, ಯಾವ ಮಂಡಿಯವನು ತೂಕದಲ್ಲಿ ಮೋಸ ಮಾಡಿದ ಎಂಬುದನ್ನೆಲ್ಲ ಮುಕ್ಕಾಲು ಗಂಟೆ ಹೇಳಿದರು. ನನ್ನ ಫೋನಿನ ಚಾರ್ಜು ಮುಗಿದು ಅಂದು ವಾಪಸ್ ರೈಲಿನ ಟಿಕೆಟ್ಟನ್ನು ಕೈಯಲ್ಲಿ ಕೊಳ್ಳಬೇಕಾಯಿತು.

ಹೋಗುವವರಿಗೆ ಎರಡು ಮಾತು. ವಾಲ್‌ಕಿಲ್ ದಾರಿಯಲ್ಲಿ ಜಲ್ಲಿಪುಡಿ ಇರುವುದರಿಂದ ರೇಸಿನ ತೆಳ್ಳನೆ ಟೈರು ಬೇಡ. ವೈನ್ ರುಚಿ ನೋಡುವವರು ಸವಾರಿ ಮುಗಿದ ಮೇಲೆ ನೋಡಿ. ಬುತ್ತಿಗೆ ಚಿತ್ರಾನ್ನಕ್ಕಿಂತ ಚಪಾತಿ ಪಲ್ಯ ಅನುಕೂಲ. ಪೂರ್ತಿ ಉತ್ಸಾಹವಿದ್ದವರಿಗೆ ಇದೇ ದಾರಿ 2020ರ ಕೊನೆಗೆ ಮುಗಿದ 750 ಮೈಲಿಯ ಎಂಪೈರ್ ಸ್ಟೇಟ್ ಟ್ರೈಲಿನ ಒಂದು ತುಂಡು. ಮ್ಯಾನ್‌ಹ್ಯಾಟನ್ನಿನಿಂದ ಕೆನಡಾ ಗಡಿಯವರೆಗೂ ತುಳಿಯಬಹುದು. ನನಗೆ ರೋಸೆಂಡೇಲ್ ಸಾಕು.

ಹೋಗುವುದಾದರೆ ಸೆಪ್ಟೆಂಬರ್ ಕೊನೆಯ ಎರಡು ವಾರ. ದಿನ ಗೊತ್ತುಮಾಡುವ ಕೆಲಸ ಈಗ ನನ್ನದಲ್ಲ. ಗೌರಿಹಬ್ಬ ಕಳೆಯುತ್ತಿದ್ದಂತೆ ಅಪ್ಪನೇ ಫೋನ್ ಮಾಡುತ್ತಾರೆ: "ಏನೋ, ಹಣ್ಣು ಬಣ್ಣ ತಿರುಗ್ತಾ?"