ಕಾಡು ಟರ್ಕಿ ಕೋಳಿಯನ್ನು ಕರೆಯುವ ಬಗೆ

ಪ್ರಶ್ನೆ: ಅಮೆರಿಕದ ಬೇಟೆಗಾರರು ಕಾಡು ಟರ್ಕಿ ಕೋಳಿಯನ್ನು ಅದರದೇ ದನಿಯಿಂದ ಕರೆಯುತ್ತಾರಂತೆ. ಯಾವಾಗ, ಹೇಗೆ ಕರೆಯಬೇಕೆಂದು ತಿಳಿಯುವುದು ಹೇಗೆ?

ಉತ್ತರ: ವಸಂತದಲ್ಲಿ, ಅಂದರೆ ಈ ಹಕ್ಕಿಗಳು ಜೊತೆಗೂಡುವ ಕಾಲದಲ್ಲಿ, ಹುಂಜವು ರಾತ್ರಿ ತಂಗಿದ ಮರದ ಮೇಲಿನಿಂದಲೇ ನಸುಕಿನಲ್ಲಿ ಗಟ್ಟಿಯಾಗಿ ಕೂಗುತ್ತದೆ, ಸಾಮಾನ್ಯವಾಗಿ ಹೇಂಟೆಗಳೇ ಆ ದನಿಯನ್ನರಸಿ ಬರುತ್ತವೆ, ಬೇಟೆಗಾರನಾದರೋ ಹೇಂಟೆಯಂತೆ ಕೂಗಿ ಹುಂಜವನ್ನೇ ತನ್ನತ್ತ ನಡೆಸಬೇಕಾಗಿರುವುದರಿಂದ ಅವನ ಯತ್ನ ನಿಸರ್ಗದ ಕ್ರಮಕ್ಕೆ ತಿರುಗುಮುರುಗಾದುದು. ಆದಕಾರಣವೇ ಹುಂಜವು ಅನೇಕ ವೇಳೆ ದೂರದಲ್ಲಿ ನಿಂತು, ಹೇಂಟೆ ಬರಲೆಂದು ಕಾಯುತ್ತದೆ.

ಕಲಿಯಬೇಕಾದ ಮುಖ್ಯ ದನಿ 'ಯೆಲ್ಪ್', ಎಂದರೆ ಒಂದೇ ಲಯದಲ್ಲಿ ಹಲವು ಬಾರಿ ಹೊರಡುವ, ತುಸು ಒಡಕಾದ ಕರೆ. 'ಕ್ಲಕ್' ಎಂಬ ಗಿಡ್ಡ ದನಿಯೂ, ನೆಮ್ಮದಿಯಿಂದ ಮೇಯುವಾಗಿನ 'ಪರ್' ಎಂಬ ಗುರುಗುಟ್ಟುವಿಕೆಯೂ ಅದರ ಜೊತೆಗಿರುತ್ತವೆ. ಅಪಾಯವನ್ನು ಸೂಚಿಸುವ 'ಪಟ್' ಕೂಡ ಕ್ಲಕ್‌ನಂತೆಯೇ ಕೇಳಿಸುವುದರಿಂದ ಹೊಸಬನು ಹಕ್ಕಿಯನ್ನು ಕರೆಯುವ ಬದಲು ಓಡಿಸಿಬಿಡುವುದುಂಟು. ಮುಚ್ಚಳವನ್ನು ಅಂಚಿಗೆ ಉಜ್ಜಿ ನುಡಿಸುವ ಮರದ ಪೆಟ್ಟಿಗೆ, ಕಡ್ಡಿಯಿಂದ ತೀಡುವ ಸ್ಲೇಟಿನ ಬಿಲ್ಲೆ, ಅಂಗುಳಿಗೆ ಒತ್ತಿ ಊದುವ ತೆಳುಪೊರೆ ಇವು ಸಾಧನಗಳು. ಕೊನೆಯದು ಕೈಗಳನ್ನು ಬಿಡುವಾಗಿರಿಸುತ್ತದೆ, ಆದರೆ ಕಲಿಯಲು ಕಠಿಣ.

ಹಕ್ಕಿ ಮರದಲ್ಲಿರುವಾಗ ಮೆಲ್ಲಗೆ ಒಂದೆರಡು ಯೆಲ್ಪ್ ಸಾಕು. ಉತ್ತರಿಸಿ ಹತ್ತಿರವಾಗುತ್ತಿದ್ದರೆ ಮೌನವೇ ಮೇಲು. ಹೇಂಟೆಗಳು ಗೂಡಿಗೆ ತೆರಳಿದ ಮೇಲೆ, ಬೆಳಗು ಏರುತ್ತಿದ್ದಂತೆ, ಒಂಟಿಯಾದ ಹುಂಜವು ಕರೆಗೆ ಸುಲಭವಾಗಿ ಓಗೊಡುವುದುಂಟು. ಈ ದನಿಯನ್ನು ನಂಬಿ ಇನ್ನೊಬ್ಬ ಬೇಟೆಗಾರನೂ ಬರಬಹುದಾದ್ದರಿಂದ, ಕರೆಯುವವನು ತನ್ನ ಅಗಲಕ್ಕಿಂತ ದಪ್ಪನೆಯ ಮರಕ್ಕೆ ಬೆನ್ನು ಕೊಟ್ಟು ಕೂರುವುದು ಅಗತ್ಯ.